ಫೋಟೋಗೆ ಊರಿನ ಹೆಸರು ಅಂಟಿದ ಕಥೆ: ಕ್ಯಾಮೆರಾ ನೆತ್ತಿಯ ಡಬ್ಬಿಯಿಂದ ಕೈಯೊಳಗಿನ ಮೊಬೈಲ್‌ವರೆಗೆ

ಕಳೆದ ಮಳೆಗಾಲದಲ್ಲಿ ಕಾರ್ಕಳ ತಾಲೂಕಿನ ಒಳಗಿನ ಊರೊಂದರಿಂದ ಒಬ್ಬರು ಅಮ್ಮ ನಮಗೆ ಫೋನ್ ಮಾಡಿದರು. ರಾತ್ರಿ ಸುರಿದ ಮಳೆಗೆ ಅವರ ಹಟ್ಟಿಯ ಗೋಡೆ ಕುಸಿದಿತ್ತು. ದನ ಎರಡೂ ಬದುಕಿದವು, ಅದೇ ದೊಡ್ಡದು. ಬೆಳಗ್ಗೆ ಮೊಮ್ಮಗ ಮೊಬೈಲ್‌ನಲ್ಲಿ ಫೋಟೋ ತೆಗೆದ, ವಾಟ್ಸ್‌ಆ್ಯಪ್‌ನಲ್ಲಿ ಮೂರು ಜನರಿಗೆ ಕಳಿಸಿದ, ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೋದ. ದನಗಳಿಗೆ ನಿಲ್ಲಲು ಜಾಗ ಬೇಕಲ್ಲ, ನೆರೆಕರೆಯವರು ಸೇರಿ ಮಣ್ಣು ತೆಗೆದು ತಗಡು ಹೊದಿಸಿಕೊಟ್ಟರು. ನಾಲ್ಕು ದಿನ ಕಳೆದು ಪರಿಹಾರದ ಅರ್ಜಿ ಹಿಡಿದುಕೊಂಡು ಹೋದರೆ, ಮೊಬೈಲ್‌ನಲ್ಲಿದ್ದ ಫೋಟೋ ನೋಡಿದವರು ಕೇಳಿದ್ದು ಒಂದೇ ಮಾತು: "ಇದರಲ್ಲಿ ಜಿಪಿಎಸ್ ಎಲ್ಲಿ?"

"ಮಗಾ, ಅದು ಎಲ್ಲಿ ಸಿಗ್ತದೆ? ಅಂಗಡಿಯಲ್ಲಿ ಉಂಟಾ?" ಎಂದು ಅಮ್ಮ ನಮ್ಮನ್ನು ಕೇಳಿದರು.

ನಗುವ ಪ್ರಶ್ನೆಯಲ್ಲ ಅದು. ಹದಿನೈದು ವರ್ಷದ ಹಿಂದೆ ಅದು ನಿಜವಾಗಿಯೂ ಅಂಗಡಿಯಲ್ಲಿ ಸಿಗುತ್ತಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವುದು. ಅಂಥ ಒಂದು ಡಬ್ಬಿಯ ಜೊತೆ ನಾವು ಎರಡು ವರ್ಷ ಗುದ್ದಾಡಿದ್ದೇವೆ. ಅಮ್ಮನ ಹಟ್ಟಿಗೆ ಆಮೇಲೆ ಬರೋಣ, ಮೊದಲು ಈ ಡಬ್ಬಿಯ ಕಥೆ ಹೇಳಬೇಕು. ಫೋಟೋ ಬೇರೆ, ಫೋಟೋದ ಜಾಗ ಬೇರೆ ಆಗಿದ್ದ ಕಾಲ ಒಂದಿತ್ತು. ಅವೆರಡನ್ನು ಒಟ್ಟು ಮಾಡಲು ಜನ ಏನೆಲ್ಲ ಉಪಾಯ ಮಾಡಿದರು ಎಂಬುದು ಈಗಿನ ಮೊಬೈಲ್ ಹುಡುಗರಿಗೆ ಗೊತ್ತಿಲ್ಲ.

ಪೆನ್ಸಿಲ್‌ನಲ್ಲಿ ಬರೆದ ಜಾಗ

ರೀಲಿನ ಕಾಲದಲ್ಲಿ ಫೋಟೋದ ಊರು ಇರುತ್ತಿದ್ದುದು ಫೋಟೋದ ಬೆನ್ನಲ್ಲಿ. ಮಣಿಪಾಲದಿಂದ ಉದಯವಾಣಿ ಶುರುವಾದದ್ದು 1970ರಲ್ಲಿ. ನಮಗಿಂತ ಹಿರಿಯ ಬಿಡಿ ಸುದ್ದಿಗಾರರು ಹೇಳುವ ಪ್ರಕಾರ, ಹಳ್ಳಿಯಿಂದ ಪತ್ರಿಕೆಗೆ ಫೋಟೋ ಹೋಗುತ್ತಿದ್ದುದು ಬಸ್ಸಿನಲ್ಲಿ. ಕವರಿನೊಳಗೆ ಹಾಕಿ ಕಂಡಕ್ಟರ್ ಕೈಗೆ ಕೊಡುವುದು, ಆ ಕಡೆಯಿಂದ ಯಾರಾದರೂ ಬಂದು ಬಸ್‌ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳುವುದು. ಬೆನ್ನಲ್ಲಿ ಪೆನ್ಸಿಲ್‌ನಲ್ಲಿ ಹಗುರ ಬರೆಯಬೇಕು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಮುಖದಲ್ಲಿ ಗೆರೆ ಏಳುತ್ತದೆ.

ಬರೆದದ್ದು ಅಳಿಸಿದರೆ ಊರೂ ಹೋಯಿತು. ನೆರೆ ಬಂದ ಗದ್ದೆಯ ಫೋಟೋ ಕಾಪುವಿನದ್ದೋ ಬ್ರಹ್ಮಾವರದ್ದೋ ಎಂದು ಯಾರು ಹೇಳಬೇಕು? ನೀರು ನಿಂತ ಮೇಲೆ ಎಲ್ಲ ಬೈಲೂ ಒಂದೇ ತರಹ ಕಾಣುತ್ತದೆ.

ಜಾಗ ಗುರುತಿಸುವ ವಿದ್ಯೆಯಲ್ಲಿ ಪತ್ರಕರ್ತರಿಗಿಂತ ನಮ್ಮ ಕಡಲಿನವರೇ ಮುಂದೆ. ಕಾಪುವಿನ ದೀಪಸ್ತಂಭ ಎದ್ದದ್ದು 1901ರಲ್ಲಿ. ಈಗ ಅದು ಸೆಲ್ಫಿಯ ಜಾಗ, ಆದರೆ ಕಟ್ಟಿದ್ದು ಕಡಲಿನಲ್ಲಿರುವವನಿಗೆ "ನೀನು ಈಗ ಇಲ್ಲಿದ್ದೀ" ಎಂದು ಹೇಳಲಿಕ್ಕೆ. ಹಗಲಿನಲ್ಲಾದರೆ ಘಟ್ಟದ ಗುಡ್ಡೆಗಳೇ ಗುರುತು. ಕುದುರೆಮುಖಕ್ಕೆ ಆ ಹೆಸರು ಬಂದದ್ದೇ ಅದರ ಮುಖದ ಆಕಾರದಿಂದ. ಅದಕ್ಕೂ ನೂರು ವರ್ಷ ಹಿಂದೆ, 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ಸರಪಳಿ ಹಾಕಿ ಅಳೆಯಲು ಶುರುಮಾಡಿ, ಗುಡ್ಡೆಯಿಂದ ಗುಡ್ಡೆಗೆ ತ್ರಿಕೋನ ಹೆಣೆಯುತ್ತ ಮಂಗಳೂರಿನ ಕರಾವಳಿವರೆಗೆ ಬಂದಿದ್ದ. ಆ ಅಳತೆ ಮುಗಿದಾಗ ಹಳೆಯ ನಕ್ಷೆಗಳು ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ನಡುವೆ ಸುಮಾರು 40 ಮೈಲಿ ಹೆಚ್ಚು ತೋರಿಸುತ್ತಿದ್ದವು ಎಂದು ಗೊತ್ತಾಯಿತು. ಇಲ್ಲದ 40 ಮೈಲಿ ನೆಲ ಅಷ್ಟು ಕಾಲ ಕಾಗದದಲ್ಲಿತ್ತು!

ಆಮೇಲೆ ಬಂದದ್ದು ಅಮೆರಿಕದ ಜಿಪಿಎಸ್ ಉಪಗ್ರಹಗಳು. 2000ನೇ ಇಸವಿಯ ಮೇ 1ರವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಕೊಡುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. 100 ಮೀಟರ್‌ವರೆಗೆ ತಪ್ಪು. ಕಡಲಿನಲ್ಲಿ ಅದು ದೊಡ್ಡದಲ್ಲ. ಹಳ್ಳಿಯಲ್ಲಿ 100 ಮೀಟರ್ ಅಂದರೆ ಒಬ್ಬರ ಬಾವಿ ಇನ್ನೊಬ್ಬರ ತೋಟಕ್ಕೆ ಹೋದ ಹಾಗೆ. ಆ ದಿನ ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಲು ಹೇಳಿದ ಮೇಲೆಯೇ ಜಿಪಿಎಸ್ ನೆಲದ ಮೇಲಿನ ಸಣ್ಣ ಕೆಲಸಗಳಿಗೆ ಉಪಯೋಗಕ್ಕೆ ಬಂತು. ಫೋಟೋಗೆ ಜಾಗ ಅಂಟಿಸುವ ಕಥೆ ನಿಜವಾಗಿ ಶುರುವಾಗುವುದು ಅಲ್ಲಿಂದ.

ಖಾಲಿ ಖಾನೆ

ಡಿಜಿಟಲ್ ಫೋಟೋದೊಳಗೆ ಚಿತ್ರದ ಜೊತೆಗೆ ಒಂದು ಚೀಟಿಯೂ ಇರುತ್ತದೆ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆ ಎಂದೆಲ್ಲ ಬರೆದ ಚೀಟಿ. ಅದರ ಹೆಸರು ಎಕ್ಸಿಫ್. ಜಪಾನಿನವರು 1995ರಲ್ಲಿ ಮಾಡಿದ ನಿಯಮ. ತಮಾಷೆ ಎಂದರೆ, 1998ರ ಹೊತ್ತಿಗೇ ಆ ಚೀಟಿಯಲ್ಲಿ ಅಕ್ಷಾಂಶ ರೇಖಾಂಶಕ್ಕೆ ಖಾನೆ ಮಾಡಿಟ್ಟಿದ್ದರು. ತುಂಬಿಸುವವರು ಇರಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಹೆಚ್ಚಿನ ಕ್ಯಾಮೆರಾಗಳೊಳಗೆ ಜಿಪಿಎಸ್ ಇರಲಿಲ್ಲ, ಖಾನೆ ಖಾಲಿಯೇ ಉಳಿಯಿತು.

ತುಂಬಿಸಲು ಮೂರು ದಾರಿ ಹುಟ್ಟಿದವು. ಒಂದು, ಬೇರೆ ಜಿಪಿಎಸ್ ಯಂತ್ರವನ್ನು ತಂತಿಯಲ್ಲಿ ಕ್ಯಾಮೆರಾಕ್ಕೆ ಕಟ್ಟುವುದು. ನಿಕಾನ್‌ನ ಡಿ200, ಡಿ2ಎಕ್ಸ್ ಕ್ಯಾಮೆರಾಗಳಿಗೆ ಎಂಸಿ-35 ಎಂಬ ತಂತಿ ಬರುತ್ತಿತ್ತು. ಅದರ ಇನ್ನೊಂದು ತುದಿಗೆ ಚಾರಣಿಗರು ಹಿಡಿದುಕೊಂಡು ಹೋಗುವ ಕೈ ಜಿಪಿಎಸ್ ಕಟ್ಟಬೇಕು. ಕುತ್ತಿಗೆಯಲ್ಲಿ ಕ್ಯಾಮೆರಾ, ಸೊಂಟದಲ್ಲಿ ಜಿಪಿಎಸ್, ನಡುವೆ ಜೋತಾಡುವ ತಂತಿ. 2008ರಲ್ಲಿ ಡಿ90 ಜೊತೆಗೆ ಜಿಪಿ-1 ಬಂದ ಮೇಲೆ ಯಂತ್ರ ನೆತ್ತಿಗೆ ಏರಿತು, ತಂತಿ ಗಿಡ್ಡವಾಯಿತು. ಅದಕ್ಕೊಂದು ಸಣ್ಣ ದೀಪ. ಕೆಂಪು ಮಿಟುಕಿದರೆ ಜಾಗ ಸಿಕ್ಕಿಲ್ಲ, ಹಸಿರು ಮಿಟುಕಿದರೆ 3 ಉಪಗ್ರಹ, ಹಸಿರು ನಿಂತರೆ 4 ಅಥವಾ ಹೆಚ್ಚು.

ಎರಡನೆಯದು ಸಮಯದ ಲೆಕ್ಕ. ಸೋನಿ 2006ರಲ್ಲಿ ತಂದ ಜಿಪಿಎಸ್-ಸಿಎಸ್1 ಈ ಜಾತಿಯದ್ದು. ಬ್ಯಾಗಿಗೆ ನೇತುಹಾಕಿದ ಸಣ್ಣ ಕೊಳವೆ, 15 ಸೆಕೆಂಡಿಗೊಮ್ಮೆ "ಈಗ ಇಲ್ಲಿದ್ದೇನೆ" ಎಂದು ಬರೆದುಕೊಳ್ಳುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೋಟೋದ ಸಮಯವನ್ನೂ ಕೊಳವೆಯ ಸಮಯವನ್ನೂ ಹೊಂದಿಸಿದರೆ ಜಾಗ ಸಿಗುತ್ತದೆ. ಕ್ಯಾಮೆರಾಕ್ಕೂ ಇದಕ್ಕೂ ಸಂಬಂಧವೇ ಬೇಡ.

ಬೇಡ ಎಂದು ನಾವೂ ನಂಬಿದ್ದೆವು. 2015ರ ಜನವರಿಯಲ್ಲಿ ಕಾರ್ಕಳದಲ್ಲಿ ಬಾಹುಬಲಿಗೆ ಮಹಾಮಸ್ತಕಾಭಿಷೇಕ. ಇಂಥದ್ದೇ ಒಂದು ಯಂತ್ರ ಬ್ಯಾಗಿನಲ್ಲಿಟ್ಟುಕೊಂಡು ಗುಡ್ಡೆ ಹತ್ತಿ ಮಧ್ಯಾಹ್ನ ಮೂರೂವರೆವರೆಗೆ ಫೋಟೋ ತೆಗೆದೆವು. ಮರುದಿನ ಹೊಂದಿಸಿ ನೋಡಿದರೆ 1432ರಿಂದ ಆ ಗುಡ್ಡೆಯ ಮೇಲೆ ನಿಂತಿರುವ 42 ಅಡಿಯ ಗೊಮ್ಮಟ ಉಡುಪಿಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿದ್ದ! ತಪ್ಪು ನಮ್ಮದೇ. ಜಿಪಿಎಸ್ ಬರೆಯುವುದು ಲಂಡನ್ ಕಡೆಯ ಗಂಟೆ, ನಮ್ಮ ಕ್ಯಾಮೆರಾದಲ್ಲಿದ್ದದ್ದು ಭಾರತದ ಗಂಟೆ, ಅದು ಐದೂವರೆ ಗಂಟೆ ಮುಂದೆ. ಮಧ್ಯಾಹ್ನ ಮೂರೂವರೆಯ ಫೋಟೋವನ್ನು ಕಂಪ್ಯೂಟರ್ ರಾತ್ರಿ ಒಂಬತ್ತರ ಜಾಗಕ್ಕೆ ಅಂಟಿಸಿತ್ತು, ಆ ಹೊತ್ತಿಗೆ ನಾವು ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಆಮೇಲೆ ಕಲಿತದ್ದು: ಎಲ್ಲಿಗೆ ಹೋದರೂ ಮೊದಲ ಫೋಟೋ ಜಿಪಿಎಸ್‌ನ ಗಡಿಯಾರದ್ದೇ ತೆಗೆಯುವುದು. ಎರಡು ಗಂಟೆಗಳ ನಡುವಿನ ಅಂತರ ಆ ಫೋಟೋದಲ್ಲೇ ಸಿಕ್ಕಿಬಿಡುತ್ತದೆ.

ಕ್ಲಿಕ್ ಕೇಳಿಸಿಕೊಳ್ಳದ ಡಬ್ಬಿ

ಮೂರನೆಯ ದಾರಿಯೇ ನಮ್ಮನ್ನು ಅತಿ ಹೆಚ್ಚು ಸತಾಯಿಸಿದ್ದು.

ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ತೂರಿಸುವ ಲೋಹದ ಹಳಿ ಇರುತ್ತದಲ್ಲ, ಅದಕ್ಕೆ ಹಾಟ್ ಶೂ ಎನ್ನುತ್ತಾರೆ. ಅದರ ನಡುವೆ ಒಂದು ಗುಂಡು ಚುಕ್ಕೆ. ಶಟರ್ ಪೂರ್ತಿ ತೆರೆದ ಗಳಿಗೆಯಲ್ಲಿ ಕ್ಯಾಮೆರಾ ಒಳಗಿನಿಂದ ಆ ಚುಕ್ಕೆಯನ್ನೂ ಬದಿಯ ಹಳಿಯನ್ನೂ ಕೂಡಿಸುತ್ತದೆ, ಕರೆಂಟಿನ ಸ್ವಿಚ್ ಹಾಕಿದ ಹಾಗೆ. ಮೇಲೆ ಫ್ಲ್ಯಾಶ್ ಕೂತಿದ್ದರೆ ಅದು ಮಿಂಚುತ್ತದೆ. 2008ರಲ್ಲಿ ಜರ್ಮನಿಯ ಜೋಬೋ ಕಂಪನಿ ತಂದ ಫೋಟೋಜಿಪಿಎಸ್ ಈ ಸ್ವಿಚ್ಚನ್ನೇ ಉಪಯೋಗಿಸಿತು. ಮಿಂಚುವ ಬದಲು ಡಬ್ಬಿ ಆ ಕ್ಷಣದಲ್ಲಿ ಆಕಾಶದಿಂದ ಬರುವ ಉಪಗ್ರಹ ಸಂಕೇತದ ಒಂದು ಚೂರು ಹಿಡಿದಿಟ್ಟುಕೊಳ್ಳುತ್ತದೆ, ಮತ್ತೆ ನಿದ್ದೆ ಹೋಗುತ್ತದೆ. ಜಾಗದ ಲೆಕ್ಕ ಅಲ್ಲಿಯೇ ಮಾಡುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿಗೆ ಸಿಕ್ಕಿಸಿದಾಗ, ಆ ಹೊತ್ತಿಗೆ ಯಾವ ಉಪಗ್ರಹ ಎಲ್ಲಿತ್ತು ಎಂಬುದನ್ನು ಇಂಟರ್‌ನೆಟ್‌ನಿಂದ ತರಿಸಿ ಲೆಕ್ಕ ಹಾಕುತ್ತದೆ. ಬ್ಯಾಟರಿ ಉಳಿಯುತ್ತದೆ, ಕಾಯುವ ಕೆಲಸ ಇಲ್ಲ. ಯೋಚನೆ ಚೆನ್ನಾಗಿಯೇ ಇತ್ತು.

ನಮ್ಮ ಕೈಗೆ ಹೀಗೆ ಹಾಟ್ ಶೂ ನಂಬಿ ಕೆಲಸ ಮಾಡುವ ಒಂದು ಡಬ್ಬಿ ಬಂದದ್ದು 2011ರಲ್ಲಿ, ದುಬೈಯಿಂದ ರಜೆಗೆ ಬಂದ ನೆಂಟರ ಸೂಟ್‌ಕೇಸಿನಲ್ಲಿ. ಡಿಪ್ಲೊಮಾ ಮುಗಿಸಿ ಒಂದು ವರ್ಷವಾಗಿತ್ತು. ಕ್ಯಾಮೆರಾ ಸೆಕೆಂಡ್‌ಹ್ಯಾಂಡ್. ಮೊದಲ ದಿನ 60 ಫೋಟೋ ತೆಗೆದೆವು. ಜಾಗ ಸಿಕ್ಕಿದ್ದು ಏಳಕ್ಕೆ.

ಆಗ ಸಹಾಯಕ್ಕೆ ಬಂದವರು ಇಬ್ಬರು. ಒಬ್ಬ ಮಣಿಪಾಲದ ಎಂಜಿನಿಯರಿಂಗ್ ಹುಡುಗ, ಇನ್ನೊಬ್ಬರು ಉಡುಪಿಯಲ್ಲಿ ಮದುವೆ ಫೋಟೋ ತೆಗೆಯುವ ಸ್ಟುಡಿಯೋದ ಅಣ್ಣ. ಹುಡುಗ ಮಲ್ಟಿಮೀಟರಿನ ಒಂದು ಕಡ್ಡಿ ಚುಕ್ಕೆಗೆ, ಇನ್ನೊಂದು ಹಳಿಗೆ ಹಿಡಿದು "ಕ್ಲಿಕ್ ಮಾಡಿ" ಎಂದ. ಮಾಡಿದೆವು, ಮೀಟರ್ ಅಲುಗಲಿಲ್ಲ. "ನಿಮ್ಮ ಕ್ಯಾಮೆರಾ ಡಬ್ಬಿಗೆ ಏನೂ ಹೇಳ್ತಾನೇ ಇಲ್ಲ ಸರ್. ಡಬ್ಬಿಗೆ ಬೈದು ಪ್ರಯೋಜನ ಇಲ್ಲ," ಎಂದ.

ಕಾರಣ ಒಂದಲ್ಲ, ಒಂದೊಂದಾಗಿ ಹುಡುಕಬೇಕಾಯಿತು. ಮೊದಲನೆಯದು ನಮ್ಮ ಅಭ್ಯಾಸ. ಸಭೆಯಲ್ಲಿ ಜನರಿಗೆ ತೊಂದರೆ ಆಗಬಾರದೆಂದು ಡಯಲನ್ನು 'ಫ್ಲ್ಯಾಶ್ ಬೇಡ' ಎಂಬಲ್ಲಿಗೆ ತಿರುಗಿಸಿಟ್ಟಿದ್ದೆವು. ಫ್ಲ್ಯಾಶ್ ಬೇಡ ಎಂದರೆ ಕೆಲವು ಕ್ಯಾಮೆರಾ ನೆತ್ತಿಯ ಸ್ವಿಚ್ಚನ್ನೂ ಹಾಕುವುದಿಲ್ಲ. ಡಬ್ಬಿ ಫ್ಲ್ಯಾಶ್ ಅಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಡಯಲ್ ತಿರುಗಿಸಿದ ಮೇಲೆ ಅರ್ಧ ಸರಿಯಾಯಿತು.

ಇನ್ನೊಂದು, ಹಿಂದಿನ ಪರದೆ ನೋಡಿಕೊಂಡು ಸದ್ದಿಲ್ಲದೆ ತೆಗೆಯುವ ಲೈವ್ ವ್ಯೂ. ಆ ಕಾಲದ ಹಲವು ಕ್ಯಾನನ್ ಕ್ಯಾಮೆರಾಗಳ ಕೈಪಿಡಿಯಲ್ಲೇ ಇದು ಬರೆದಿತ್ತು: ಸೈಲೆಂಟ್ ಮೋಡ್‌ನಲ್ಲಿ ಬೇರೆ ಕಂಪನಿಯ ಫ್ಲ್ಯಾಶ್ ಹೊತ್ತಿಕೊಳ್ಳದು. ಫ್ಲ್ಯಾಶಿಗೆ ಹೋಗದ ಸಂಕೇತ ಡಬ್ಬಿಗೂ ಹೋಗುವುದಿಲ್ಲ. ಕೈಪಿಡಿ ಓದುವ ಅಭ್ಯಾಸ ನಮಗೆಲ್ಲಿ?

ಮೂರನೆಯದನ್ನು ಕಂಡುಹಿಡಿದವರು ಸ್ಟುಡಿಯೋದ ಅಣ್ಣ. ಡಬ್ಬಿ ತೆಗೆದು ಹಳಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಾಪು ಬೀಚಿಗೆ ಎಷ್ಟು ಸಲ ಹೋಗಿ ಬಂದಿದೆ ಮಾರಾಯ್ರೆ?" ಎಂದರು. ಉಪ್ಪುಗಾಳಿಗೆ ಚುಕ್ಕೆಯ ಮೇಲೆ ಕಿಲುಬು ಕಟ್ಟಿತ್ತು. ಮಕ್ಕಳು ಪೆನ್ಸಿಲ್ ಗೆರೆ ಅಳಿಸುವ ರಬ್ಬರ್ ತೆಗೆದು ಮೆಲ್ಲಗೆ ಉಜ್ಜಿದರು, ಚುಕ್ಕೆ ಹೊಳೆಯಿತು. ಹಳಿಯ ಕಪ್ಪು ಬಣ್ಣವನ್ನೂ ಒಳಬದಿಯಲ್ಲಿ ಸ್ವಲ್ಪ ಕೆರೆದರು. ಬಣ್ಣ ಇದ್ದರೆ ಲೋಹಕ್ಕೆ ಲೋಹ ತಾಗುವುದಿಲ್ಲ, ಸ್ವಿಚ್ಚಿನ ಒಂದು ಕಾಲು ಗಾಳಿಯಲ್ಲಿ ನಿಂತ ಹಾಗೆ. ಐದು ರೂಪಾಯಿಯ ರಬ್ಬರ್ ಮಾಡಿದ ಕೆಲಸ ಅದು. ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಈಗಲೂ ಹೇಳುತ್ತೇವೆ, ವರ್ಷಕ್ಕೊಮ್ಮೆ ಹೀಗೆ ಉಜ್ಜಿ.

ಆಮೇಲೆ ರಾತ್ರಿಯ ಸಮಸ್ಯೆ. ನೆತ್ತಿಯಲ್ಲಿ ಡಬ್ಬಿ ಕೂತರೆ ಫ್ಲ್ಯಾಶಿಗೆ ಜಾಗ ಇಲ್ಲ. ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶ್ ಎತ್ತೋಣವೆಂದರೆ ಹಳಿಯಲ್ಲಿ ಏನೋ ಕೂತಿದೆ ಎಂದು ತಿಳಿದ ಕೂಡಲೇ ಹಲವು ಕ್ಯಾಮೆರಾಗಳು ಅದನ್ನು ಏಳಲು ಬಿಡುವುದಿಲ್ಲ, ಅದಕ್ಕೆಂದೇ ಒಳಗೊಂದು ಸಣ್ಣ ಸ್ವಿಚ್ ಇರುತ್ತದೆ. ಕೋಲದ ಫೋಟೋ, ಯಕ್ಷಗಾನದ ಫೋಟೋ, ರಾತ್ರಿ ಅಪಘಾತದ ಫೋಟೋ, ಎಲ್ಲದಕ್ಕೂ ಒಂದೇ ಪ್ರಶ್ನೆ: ಬೆಳಕು ಬೇಕೋ ಜಾಗ ಬೇಕೋ?

ಉಪಾಯ ಮದುವೆ ಮಂಟಪದಿಂದ ಬಂತು. ಮದುವೆ ಫೋಟೋದವರು ದೂರದ ಲೈಟನ್ನು ಹೊತ್ತಿಸಲು ರೇಡಿಯೋ ಟ್ರಿಗರ್ ಇಡುತ್ತಾರೆ. ನೆತ್ತಿಯಲ್ಲಿ ಒಂದು ತುಂಡು, ಲೈಟಿನ ಹತ್ತಿರ ಇನ್ನೊಂದು ತುಂಡು. ಅಣ್ಣನ ಹತ್ತಿರ ಹಳೆಯ ಜೋಡಿಯೊಂದಿತ್ತು, ಜೊತೆಗೊಂದು ಹೆಚ್ಚಿನ ರಿಸೀವರ್. ಒಂದು ರಿಸೀವರ್ ಫ್ಲ್ಯಾಶಿಗೆ, ಇನ್ನೊಂದು ಡಬ್ಬಿಗೆ. ಡಬ್ಬಿಯನ್ನು ನಾವು ಬ್ಯಾಗಿನ ಪಟ್ಟಿಗೆ, ಭುಜದ ಮೇಲೆ ಆಕಾಶ ಕಾಣುವ ಹಾಗೆ ಕಟ್ಟಿಕೊಂಡೆವು. ಒಮ್ಮೆ ಕ್ಲಿಕ್, ಎರಡೂ ಕಡೆ ಕೆಲಸ. ನೋಡಿದವರು "ಏನು, ಪೊಲೀಸ್ ವಾಕಿಟಾಕಿಯಾ?" ಎಂದು ಕೇಳಿದ್ದುಂಟು.

ಅಣ್ಣ ಒಂದು ವಿಷಯದಲ್ಲಿ ಮಾತ್ರ ಗದರಿದ್ದರು. ಸ್ಟುಡಿಯೋದ ಮೂಲೆಯಲ್ಲಿದ್ದ ಹಳೆಯ ದೊಡ್ಡ ಫ್ಲ್ಯಾಶ್ ಲೈಟಿಗೆ ತಂತಿಯಲ್ಲಿ ಕ್ಯಾಮೆರಾ ಜೋಡಿಸಲು ಹೋಗಿದ್ದೆವು. ಹಳೆಯ ಲೈಟುಗಳ ಟ್ರಿಗರ್ ತಂತಿಯಲ್ಲಿ 200 ವೋಲ್ಟಿಗೂ ಮಿಕ್ಕಿ ಇರುವುದುಂಟು. ರೀಲಿನ ಕ್ಯಾಮೆರಾ ತಡೆಯುತ್ತಿತ್ತು, ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟ್ ಸುಟ್ಟುಹೋಗಬಹುದು. ಯಾರಾದರೂ ಹಳೆಯ ಫ್ಲ್ಯಾಶ್ ಅಟ್ಟದಿಂದ ತೆಗೆದು ಪ್ರಯೋಗ ಮಾಡುವವರಿದ್ದರೆ ಇದೊಂದು ನೆನಪಿಡಿ.

ಹಾಟ್ ಶೂ ಇಲ್ಲದ ಪುಟ್ಟ ಕ್ಯಾಮೆರಾದವರಿಗೆ ಇನ್ನೊಂದು ದಾರಿ ಇತ್ತು, ಸ್ಲೇವ್ ಸೆನ್ಸರ್. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ್ದನ್ನು ಕಂಡು ಅದು ಡಬ್ಬಿಯ ಸ್ವಿಚ್ ಹಾಕುತ್ತದೆ. ಅದನ್ನೂ ನೋಡಿದೆವು, ಅಷ್ಟು ಸಮ ಆಗಲಿಲ್ಲ. ಈ ಕ್ಯಾಮೆರಾಗಳು ನಿಜವಾದ ಮಿಂಚಿಗೆ ಮೊದಲು ಬೆಳಕು ಅಳೆಯಲು ಒಂದೆರಡು ಸಣ್ಣ ಮಿಂಚು ಬಿಡುತ್ತವೆ. ಸೆನ್ಸರಿಗೆ ಎಲ್ಲ ಮಿಂಚೂ ಒಂದೇ. ಒಂದು ಫೋಟೋಗೆ ಮೂರು ಜಾಗದ ಲೆಕ್ಕ ಬಂದು ಕೂತಿತು. ಅದಲ್ಲದೆ ಸಾವಿನ ಮನೆಯ ಅಂಗಳದಲ್ಲಿ ಹಾಡುಹಗಲು ಫ್ಲ್ಯಾಶ್ ಮಿಂಚಿಸಿದರೆ ಯಾರು ಸಹಿಸುತ್ತಾರೆ? ಒಂದೇ ದಿನಕ್ಕೆ ಬಿಟ್ಟೆವು.

ತಂತಿಯ ಜಾತಿಯ ಯಂತ್ರಗಳಿಗೆ ಈ ಕಾಟ ಇರಲಿಲ್ಲ, ಬೇರೆ ಕಾಟ ಇತ್ತು. ಅವು ಕ್ಯಾಮೆರಾದ ಬ್ಯಾಟರಿಯಲ್ಲೇ ನಡೆಯುವುದು. ಕ್ಯಾಮೆರಾ ಕೆಲವು ಸೆಕೆಂಡು ಸುಮ್ಮನಿದ್ದು ಮೀಟರ್ ಆರಿಸಿದರೆ ಜಿಪಿಎಸ್ ಕೂಡ ಮಲಗುತ್ತದೆ. ಎಬ್ಬಿಸಿದ ಕೂಡಲೇ ತೆಗೆದ ಫೋಟೋದಲ್ಲಿ ಖಾನೆ ಖಾಲಿ. ಮೆನುವಿನೊಳಗೆ ಹೋಗಿ ಮೀಟರ್ ಆರದ ಹಾಗೆ ಮಾಡಬಹುದು, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಹಾಗಾಗಿ ಅದನ್ನು ಬಳಸುತ್ತಿದ್ದ ಗೆಳೆಯರ ಬೆರಳು ಸದಾ ಬಟನ್ ಮೇಲೆ, ಆಗಾಗ ಅರ್ಧ ಒತ್ತುತ್ತಲೇ ಇರುತ್ತಿದ್ದರು, ಮಗು ನಿದ್ದೆ ಹೋಗದ ಹಾಗೆ ತಟ್ಟುತ್ತಿರುವವರಂತೆ. ಕ್ಯಾನನ್ 2012ರಲ್ಲಿ 5ಡಿ ಮಾರ್ಕ್ 3ರ ಹೊತ್ತಿಗೆ ಜಿಪಿ-ಇ2 ತಂದಾಗ ಅದಕ್ಕೆ ಪ್ರತ್ಯೇಕ ಪೆನ್ಸಿಲ್ ಸೆಲ್ ಒಂದನ್ನು ಇಟ್ಟಿತ್ತು.

ಕಲ್ಲಿನ ಮಾಡಿನ ಕೆಳಗೆ ಮಾತ್ರ ಯಾವ ಜಾತಿಯದ್ದೂ ನಡೆಯಲಿಲ್ಲ. ಕಾರ್ಕಳದ ಚತುರ್ಮುಖ ಬಸದಿ 1586ರದ್ದು, ಒಳಗೆ ಹೋದರೆ ಉಪಗ್ರಹ ಸತ್ತಿತು. ಅಲ್ಲಿಗೆ ನಮ್ಮ ಉಪಾಯ ಸರಳ: ಹೊರಗೆ ಮೆಟ್ಟಿಲಲ್ಲಿ ಒಂದು ಫೋಟೋ ತೆಗೆದು ಒಳಗೆ ಹೋಗುವುದು, ಒಳಗಿನ ಫೋಟೋಗಳಿಗೆಲ್ಲ ಮೆಟ್ಟಿಲಿನ ಜಾಗವನ್ನೇ ಕೊಡುವುದು. ಅಡಿಕೆ ತೋಟದ ನಡುವೆಯೂ ಹಾಗೆಯೇ, ಗದ್ದೆಯ ಬದುವಿಗೆ ಬಂದು ಒಂದು.

ಕಾಪುವಿನ ಕಥೆ ಒಂದು ಬಿಟ್ಟುಹೋಯಿತು. ದೀಪಸ್ತಂಭದ ಜಾಗ 13 ಡಿಗ್ರಿ 13 ಮಿನಿಟು ಉತ್ತರ, 74 ಡಿಗ್ರಿ 44 ಮಿನಿಟು ಪೂರ್ವ. ಯಂತ್ರದಲ್ಲಿ ಕಂಡದ್ದನ್ನು ನಾವು 13.13, 74.44 ಎಂದು ಟೈಪ್ ಮಾಡಿ ಕಳಿಸಿದೆವು. ಡಿಗ್ರಿಗೆ 60 ಮಿನಿಟು ಎಂಬುದು ಮರೆತೇಹೋಗಿತ್ತು. ಸರಿಯಾದದ್ದು 13.22, 74.73ರ ಹತ್ತಿರ. ನಮ್ಮ ದೀಪಸ್ತಂಭ ದಡದಿಂದ 30 ಕಿ.ಮೀ.ಗೂ ಆಚೆ ಅರಬ್ಬೀ ಸಮುದ್ರದಲ್ಲಿ ನಿಂತಿತ್ತು. ಡೆಸ್ಕಿನಿಂದ ಫೋನ್ ಬಂತು, "ದೋಣಿಯಲ್ಲಿ ಹೋಗಿದ್ರಾ?" ಎಂದು.

ಬೇಡವಾದ ಡಬ್ಬಿ, ಬೇಕಾದ ಸಾಕ್ಷಿ

ಈ ಸರ್ಕಸ್ಸೆಲ್ಲ ಮುಗಿಸಿದ್ದು ಮೊಬೈಲ್. ನೋಕಿಯಾದ ಎನ್95 ಎಂಬ ಫೋನಿನಲ್ಲಿ 2007ರಲ್ಲೇ ಕ್ಯಾಮೆರಾವೂ ಇತ್ತು, ಜಿಪಿಎಸ್ಸೂ ಇತ್ತು. ನಮ್ಮ ಕೈಗೆಟಕುವ ಬೆಲೆಗೆ ಆಂಡ್ರಾಯ್ಡ್ ಫೋನ್ ಬರಲು ಮತ್ತೂ ಕೆಲವು ವರ್ಷ ಬೇಕಾಯಿತು. ಕ್ಯಾಮೆರಾ, ಜಿಪಿಎಸ್, ಗಡಿಯಾರ ಮೂರೂ ಒಂದೇ ದೇಹದಲ್ಲಿದ್ದರೆ ಯಾರು ಯಾರಿಗೂ ಕ್ಲಿಕ್ ಆಯಿತೆಂದು ಹೇಳಿಕಳಿಸಬೇಕಿಲ್ಲ. ಡಬ್ಬಿ ನಮ್ಮ ಕಪಾಟಿನಲ್ಲಿ ಈಗಲೂ ಇದೆ. ಈಗಿನ ದೊಡ್ಡ ಕ್ಯಾಮೆರಾಗಳೂ ಬ್ಲೂಟೂತ್‌ನಲ್ಲಿ ಮೊಬೈಲನ್ನೇ ಕೇಳಿ ಜಾಗ ಬರೆದುಕೊಳ್ಳುತ್ತವೆ.

ಸರ್ಕಾರ ಫೋಟೋವನ್ನು ಸಾಕ್ಷಿಯಾಗಿ ಕೇಳಲು ಶುರುಮಾಡಿದ್ದೂ ಇದೇ ಹೊತ್ತಿಗೆ. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೆ 2010ರ ನಂತರದ ವರ್ಷಗಳಲ್ಲಿ ಜಿಪಿಎಸ್ ಫೋಟೋ ಬಂತು. ತಳಪಾಯ, ಕಿಟಕಿ, ಛಾವಣಿ, ಪೂರ್ಣ, ಹೀಗೆ ಹಂತ ಹಂತಕ್ಕೆ ಫೋಟೋ, ಅದರ ಮೇಲೆ ಕಂತು. ನರೇಗಾ ಕಾಮಗಾರಿಗಳ ಜಿಯೋಟ್ಯಾಗ್ ಇಸ್ರೋದ ಭುವನ್ ನಕ್ಷೆಯ ಮೇಲೆ 2016ರಲ್ಲಿ ಶುರುವಾಯಿತು. 2020ರಲ್ಲಿ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಹಾಕುವ ಬೆಳೆ ಸಮೀಕ್ಷೆ ಆ್ಯಪ್ ಬಂತು. 2023ರ ಜನವರಿ 1ರಿಂದ ನರೇಗಾ ಕೂಲಿಗಳ ಹಾಜರಿಯೂ ಫೋಟೋದಲ್ಲೇ, ದಿನಕ್ಕೆ ಎರಡು ಸಲ.

ಒಳ್ಳೆಯದಾಗಿದೆಯೇ? ಆಗಿದೆ. ಇಲ್ಲದ ಮನೆಗೆ ಬಿಲ್ ಮಾಡುವುದು ಮೊದಲಿನಷ್ಟು ಸುಲಭವಿಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿಗೆ ದೊಡ್ಡ ನೆರೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲೆಲ್ಲಿಯದೋ ಹಳೆಯ ಫೋಟೋಗಳೂ ಹರಿದುಬಂದವು. ಯಾವುದು ನಮ್ಮದು ಎಂದು ಹೇಳಲು ನಮಗೆ ಸಹಾಯವಾದದ್ದು ಮೂಲ ಫೋಟೋದ ಆ ಚೀಟಿಯೇ.

ಆದರೆ ಯಂತ್ರವನ್ನು ನಂಬಿಸುವ ಉಪಾಯಗಳೂ ಬೆಳೆದವು. ಆಗ ನಾವು ನಿಜವಾದ ಜಾಗ ಬರೆಸಲು ಒದ್ದಾಡಿದ್ದೆವು, ಈಗ ಸುಳ್ಳು ಜಾಗ ಬರೆಯುವ ಆ್ಯಪ್‌ಗಳೇ ಪುಕ್ಕಟೆ ಸಿಗುತ್ತವೆ. ಹಾಜರಿಯಲ್ಲಿ ಜನರ ಬದಲು ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಜಾಗ ಸರಿ, ಗಂಟೆ ಸರಿ, ಮನುಷ್ಯ ಮಾತ್ರ ಇಲ್ಲ. ಮೋಸ ಮಾಡುವವರಿಗೆ ಜಿಪಿಎಸ್ ದಾಟಲು ದಾರಿ ಗೊತ್ತು. ಸಿಕ್ಕಿಬೀಳುವವರು ನಿಜ ಇದ್ದೂ ಬಟನ್ ಒತ್ತಲು ಗೊತ್ತಿಲ್ಲದವರು ಎಂಬುದು ನಮ್ಮ ಅನುಭವ.

ಇದರ ಇನ್ನೊಂದು ಮಗ್ಗುಲೂ ಇದೆ. ದೂರು ಕೊಟ್ಟವರ ಮನೆಯ ಫೋಟೋ ಯಾರಿಗಾದರೂ ಕೊಡುವಾಗ ನಾವು ಆ ಚೀಟಿಯನ್ನು ಮೊದಲು ಅಳಿಸುತ್ತೇವೆ. ಹೆಸರು ಬರೆಯದೆ ಬಿಟ್ಟು ಮನೆಯ ದಾರಿಯನ್ನೇ ಫೋಟೋದೊಳಗೆ ಇಟ್ಟು ಕಳಿಸಿದರೆ ಏನು ಪ್ರಯೋಜನ?

ಹಟ್ಟಿಯ ಜಾಗ

ಈಗ ಕಾರ್ಕಳದ ಅಮ್ಮನ ವಿಷಯ. ಅವರ ಹತ್ತಿರ ಇದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಸಣ್ಣದು ಮಾಡುತ್ತದೆ, ಒಳಗಿನ ಚೀಟಿಯನ್ನೂ ತೆಗೆದುಹಾಕುತ್ತದೆ. ಅದರಲ್ಲಿ ಎಷ್ಟು ಹುಡುಕಿದರೂ ಜಿಪಿಎಸ್ ಸಿಗದು. ಮೂಲ ಫೋಟೋ ಬೆಂಗಳೂರಿನಲ್ಲಿ, ಮೊಮ್ಮಗನ ಮೊಬೈಲ್‌ನಲ್ಲಿ.

ಅವನಿಗೆ ಫೋನ್ ಮಾಡಿದೆವು. ಗ್ಯಾಲರಿಯಲ್ಲಿ ಆ ಫೋಟೋ ತೆರೆದು ಬೆರಳನ್ನು ಕೆಳಗಿನಿಂದ ಮೇಲಕ್ಕೆ ಎಳೆ, ನಕ್ಷೆ ಕಾಣುತ್ತದಾ ನೋಡು ಎಂದೆವು. ಒಂದು ಕ್ಷಣ ಸುಮ್ಮನಿದ್ದ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 'ಲೊಕೇಶನ್' ಬಂದ್ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. "ಉಂಟು ಅಣ್ಣ, ನಮ್ಮ ತೋಟದ ಹತ್ರವೇ ಚುಕ್ಕೆ ಉಂಟು," ಎಂದ. ಅದನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆವು. ಹಾಗೆ ಕಳಿಸಿದರೆ ಚೀಟಿ ಹಾಗೆಯೇ ಬರುತ್ತದೆ. ಬಂತು. ದಿನ, ಗಂಟೆ, 13.2 ಎಂದು ಶುರುವಾಗುವ ಅಕ್ಷಾಂಶ, 75ರ ಆಸುಪಾಸಿನ ರೇಖಾಂಶ. ಕಾಪುವೂ ಕಾರ್ಕಳವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಬೇರೆ ಮಾಡುವುದು ಎರಡನೆಯ ಸಂಖ್ಯೆ ಎಂದು ನಮಗೆ ಆ ದಿನ ಮತ್ತೆ ನೆನಪಾಯಿತು.

ಫೋಟೋ, ನಕ್ಷೆ, ಸಂಖ್ಯೆ ಮೂರನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ಮಾಡಿಸಿ ಅಮ್ಮನಿಗೆ ತಲುಪಿಸಿದೆವು. ಅರ್ಜಿ ತೆಗೆದುಕೊಂಡರು. ಅದರ ಜೊತೆಗೆ ಮಣ್ಣು ತೆಗೆದ ನೆರೆಕರೆಯವರಲ್ಲಿ ಇಬ್ಬರ ಸಹಿಯನ್ನೂ ಕೇಳಿದರು. ಅವರು ಅದೇ ದಿನ ಬಂದು ಹಾಕಿದರು. ಹಣ ಬರಲು ಮತ್ತೆ ಎರಡು ತಿಂಗಳು ಹಿಡಿಯಿತು.

ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಒಳಗೆ ಹೋಗಿ ಬಂದೆವು. ಹಟ್ಟಿಗೆ ಹೊಸ ಗೋಡೆ ಎದ್ದಿದೆ. ಒಳಗಿನ ಕಂಬದ ಮೇಲೆ ಮಸಿಯಲ್ಲಿ ದೊಡ್ಡದಾಗಿ ಎರಡು ಸಂಖ್ಯೆ ಬರೆದಿದ್ದರು, ಚುಕ್ಕೆಯ ನಂತರ ಆರಾರು ಅಂಕಿ ಸಮೇತ. "ಮೊಬೈಲ್ ಹಾಳಾದ್ರೆ ಬೇಕಲ್ಲ ಮಗಾ," ಎಂದು ಹೇಳಿ ಅಮ್ಮ ಚಾ ತರಲು ಒಳಗೆ ಹೋದರು.